ಬೀಗತಿಯ ಸರದಿ

ಆ ಸಂಜೆ ಸಭೆ ಶುರುವಾಗುವ ಮುಂಚೆಯೇ ನಾನು ಹೆದರಬೇಕಾದ ಎಲ್ಲದಕ್ಕೂ ಹೆದರಿ ಮುಗಿಸಿದ್ದೆ. ಕರೆಂಟು ಹೋದರೆ? ಅತ್ತೆಗೆ ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡರೆ? ಮೈಕಿನ ಎದುರು ಕೆಮ್ಮು ಬಂದರೆ? ಫ್ಲಾಸ್ಕಿನಲ್ಲಿ ಬಿಸಿನೀರು, ಚೀಲದಲ್ಲಿ ನೋವಿನ ಎಣ್ಣೆ, ಮೇಲೊಂದು ಟಾರ್ಚು. ಗ್ರಂಥಾಲಯಕ್ಕೆ ಕವಿತೆ ಕೇಳಲು ಹೊರಟವಳಂತೆ ಅಲ್ಲ, ಯಾರನ್ನೋ ಆಸ್ಪತ್ರೆಗೆ ಸೇರಿಸಲು ಹೊರಟವಳಂತೆ ಕಾಣುತ್ತಿದ್ದೆ.

ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ, ಹನುಮಂತನಪಟ್ಟಿಯವರು. ತಮಿಳುನಾಡಿನ ನಮ್ಮ ತೇನಿಯ ಗ್ರಂಥಾಲಯದಲ್ಲಿ ಓದುಗರ ಗುಂಪೊಂದು ಕವಿತೆ, ಜನಪದ ಹಾಡುಗಳ ಸಂಜೆಯೊಂದನ್ನು ಇಟ್ಟುಕೊಂಡಿತ್ತು. ನಮ್ಮ ಮನೆಗಳಲ್ಲಿ ಆಡುವ ಕನ್ನಡದ್ದೂ ಒಂದು ಹಾಡು ಇರಲಿ ಎಂದು ಅವರು ಕೇಳಿದಾಗ ಅತ್ತೆಯ ಹೆಸರು ಕೊಟ್ಟವಳು ನಾನೇ. ಹೋದ ವರ್ಷ ನನ್ನಮ್ಮ ತೀರಿಕೊಂಡ ಮೇಲೆ ಅತ್ತೆ ಯಾವ ಮದುವೆಯಲ್ಲೂ ಹಾಡಿರಲಿಲ್ಲ. ಆದರೂ ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ, "ಆಮಾ, ಬತ್ತೀನಿ" ಎಂದು ಒಪ್ಪಿಕೊಂಡುಬಿಟ್ಟರು. ನಾನು ಹೆದರಬೇಕಾಗಿದ್ದದ್ದು ಆ ಅವಸರದ ಒಪ್ಪಿಗೆಗೆ. ಅದೊಂದನ್ನು ಬಿಟ್ಟುಬಿಟ್ಟೆ.

ನಮ್ಮಲ್ಲಿ ಮದುವೆಯ ಬೈಗುಳದ ಹಾಡು ಒಬ್ಬರು ಹಾಡುವಂಥದ್ದಲ್ಲ. ಹೆಣ್ಣಿನ ಕಡೆಗೊಬ್ಬಳು, ಗಂಡಿನ ಕಡೆಗೊಬ್ಬಳು ಎದುರುಬದುರು ಕೂತು ಒಬ್ಬರ ಮಾನವನ್ನೊಬ್ಬರು ಹರಾಜು ಹಾಕಬೇಕು. ಬಾಯಿಪಾಠದ ಸಾಲುಗಳಲ್ಲ, ಅಲ್ಲೇ ಕಟ್ಟಿ ಅಲ್ಲೇ ಹಾಡಿದ್ದು. ಎದುರಿನವಳು ಉತ್ತರ ಕೊಡುವ ತನಕ ಮೊದಲಿನವಳು ಮುಂದಿನ ಸಾಲು ಎತ್ತುವಂತಿಲ್ಲ. ಯಾರ ಮನೆಯ ಮದುವೆಯಾದರೂ ಅಮ್ಮ ಒಂದು ಕಡೆ, ಅವಳ ತಮ್ಮನ ಹೆಂಡತಿಯಾದ ಈ ಅತ್ತೆ ಇನ್ನೊಂದು ಕಡೆ.

"ನಿಮ್ಮೂರ ಸಾರಿನಾಗೆ ಬ್ಯಾಳೆ ಹುಡುಕಾಕೆ ಹಗ್ಗ ಕಟ್ಟಿ ಇಳೀಬೇಕು ಬೀಗತಿ" ಎಂದು ಅತ್ತೆ ಎತ್ತಿದರೆ, ಅಮ್ಮ ಬಾಯೊಳಗಿನ ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿಕೊಂಡು, "ಹಗ್ಗ ಎಲ್ಲೈತೆ ಬೀಗತಿ, ಇದ್ದದ್ದನ್ನ ನಿಮ್ ಗಂಡಿನ ಮೂಗಿಗೆ ಹಾಕೀರಲ್ಲ" ಅನ್ನುತ್ತಿದ್ದಳು. ಚಪ್ಪರವೇ ನಗುತ್ತಿತ್ತು. ನಾನು ಆ ಬಾಯಿಯ ಮಗಳು. ಯಾರಾದರೂ ಜಗಳಕ್ಕೆ ಬಂದರೆ ನನಗೆ ಉತ್ತರ ಹೊಳೆಯುವುದು ಮರುದಿನ ಹಲ್ಲುಜ್ಜುವಾಗ.

ಗ್ರಂಥಾಲಯದಲ್ಲಿ ಮೇಜುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ತಮಿಳು ಕವಿಯೊಬ್ಬರು ಇದೇ ಕೊನೆಯದು, ಇದೇ ಕೊನೆಯದು ಎನ್ನುತ್ತಲೇ ಮಳೆಯ ಮೇಲಿನ ಕವಿತೆಗಳನ್ನು ಓದಿದರು. ಉರುಮಿ ಮೇಳದವರು ಬಾರಿಸತೊಡಗಿದಾಗ ಪುಸ್ತಕದ ಕಪಾಟಿನ ಗಾಜು ನಡುಗಿತು, ನಾನೂ ನಡುಗಿದೆ. ಆಮೇಲೆ ಅತ್ತೆಯನ್ನು ಕರೆದರು. ಅವರು ಕುರ್ಚಿ ಬೇಡವೆಂದು ಜಮಖಾನದ ಒಂದು ತುದಿಯಲ್ಲಿ ಕೂತರು, ಎದುರಿಗೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

"ಕರೆದ್ರೂ ಬರ್ನಿಲ್ಲ ನನ್ ಬೀಗತಿ, ದ್ರಾಕ್ಷಿ ಬಳ್ಳಿ ಕಾಲಿಗೆ ಸುತ್ಕಂಡ್ತಾ?"

ನಮ್ಮೂರು ದ್ರಾಕ್ಷಿ ತೋಟಗಳ ಊರು. ಕಂಚಿನಂಥ ದನಿ ಹಾಗೇ ಇತ್ತು. ಸಾಲು ಮುಗಿಸಿ, ಗಲ್ಲಕ್ಕೆ ಕೈಯಿಟ್ಟು, ಎದುರಿನ ಖಾಲಿ ಜಮಖಾನವನ್ನೇ ನೋಡುತ್ತ ಕಾದರು.

ಭಾಷೆ ತಿಳಿಯದವರು ಹಾಡು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಅತ್ತೆ ಕದಲಲಿಲ್ಲ. ಕಾರ್ಯಕ್ರಮ ನಡೆಸುತ್ತಿದ್ದವರು ಬಗ್ಗಿ, ಅಜ್ಜೀ, ಮರೆತುಹೋಯಿತಾ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

"ನಾನ್ಯಾಕೆ ಮರೀತೀನಿ? ಇರು, ನಮ್ಮ ಅತ್ತಿಗೆ ಹೇಳ್ಲಿ" ಅಂದರು ಅತ್ತೆ, ಕನ್ನಡದಲ್ಲೇ. ಅತ್ತಿಗೆ ಎಂದರೆ ನನ್ನಮ್ಮ. ಮೈಕು ಆ ಮಾತನ್ನು ಇಡೀ ಹಾಲಿಗೆ ಕೇಳಿಸಿತು. ಹಿಂದೆ ಕೂತಿದ್ದ ನಮ್ಮವರ ಪೈಕಿಯ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ಅದೇ ಸಾಲನ್ನು ಇನ್ನೊಮ್ಮೆ ಹಾಡಿದರು. ಇನ್ನೊಮ್ಮೆ ಕಾದರು.

ಅಮ್ಮನ ಕಡೆಯವಳೆಂದು ಅಲ್ಲಿದ್ದವಳು ನಾನೊಬ್ಬಳೇ. ಮತ್ತು, ನನ್ನ ಜನ್ಮದಲ್ಲಿ ಮೊದಲ ಸಲ, ಬೇಕಾದ ಹೊತ್ತಿಗೆ ಉತ್ತರವೊಂದು ಹೊಳೆದುಬಿಟ್ಟಿತ್ತು: ಬಳ್ಳಿಯಲ್ಲ ಬೀಗತಿ, ನಿನ್ನ ನಾಲಿಗೆಯೇ ಉದ್ದವಾಗಿ ಕಾಲಿಗೆ ತೊಡರಿತು. ಎದ್ದು ನಿಂತೆ. ಮಡಿಲಲ್ಲಿದ್ದ ಫ್ಲಾಸ್ಕು ಉರುಳಿ ಮುಂದಿನ ಸಾಲಿನವರೆಗೂ ಹೋಯಿತು. "ಬಳ್ಳಿ ಅಲ್ಲ..." ಎನ್ನುವಷ್ಟರಲ್ಲಿ ಅತ್ತೆ, ನನ್ನ ಕಡೆ ತಿರುಗದೆಯೇ, ಅಂಗೈ ಎತ್ತಿ ತಡೆದರು. ನಾನು ಕೂತೆ. ಇನ್ನೂ ಸ್ವಲ್ಪ ಹೊತ್ತು ಕಾದು ಮಂಡಿಗೆ ಕೈಯೂರಿ ಎದ್ದರು. ಯಾರೋ ಶಾಲು ಹೊದಿಸಿದರು.

ಹೊರಗೆ ಆಟೋಗೆ ಕಾಯುತ್ತ ಕೇಳಿದೆ. "ನನ್ ಸಾಲು ಅಷ್ಟು ಕೆಟ್ಟದಾಗಿತ್ತಾ ಅತ್ತೆ?"

"ಕೆಟ್ಟದೇ. ರಾಗ ಎಲ್ಲೋ, ನೀ ಎಲ್ಲೋ." ನಕ್ಕರು. ಆಮೇಲೆ ನಗು ತಾನಾಗೇ ನಿಂತಿತು. "ನಿಮ್ಮವ್ವನ್ನ ಎತ್ಕಂಡೋಗೋವಾಗ ನಾ ಅಳ್ನಿಲ್ಲ ಮಗಾ, ನೀನೇ ನೋಡ್ದೆ. ಎಂದಾದ್ರೂ ನನ್ನ ಬಯ್ಯಾಕಾದ್ರೂ ಬತ್ತಾಳೆ ಅಂತ ಇದ್ದೆ. ಅವ್ಳ ಬದ್ಲು ನೀ ಹೇಳ್ಬುಟ್ರೆ, ಅವ್ಳು ಇನ್ನ ಬರಾಕಿಲ್ಲ ಅಂತಾನೇ ಆಗೋಯ್ತದಲ್ಲ."

ಅಷ್ಟು ಹೇಳಿ ನಿಂತಲ್ಲೇ ಅತ್ತರು. ಬಂದ ಆಟೋದವನು ನಮ್ಮಿಬ್ಬರನ್ನೂ ನೋಡಿ, ಎಲ್ಲಿಗೆ ಎಂದೂ ಕೇಳದೆ, ಎಂಜಿನ್ ಆರಿಸಿದ.