ಮುಳುಗಿದ ಓಣಿಯಲ್ಲಿ ಹುಸಿಮೀನು

ಮನುಷ್ಯ ಸಿಕ್ಕಿಬೀಳುವುದು ಯಾವಾಗಲೂ ತನ್ನ ಕಣ್ಣಿಗೆ ಕಾಣದ ವಸ್ತುವಿನಲ್ಲಿಯೇ. ಇದನ್ನು ನಾನು ಧ್ಯಾನಕ್ಕೆ ಕುಳಿತು ಕಂಡುಕೊಂಡೆನೆಂದು ದಯವಿಟ್ಟು ತಿಳಿಯಬೇಡಿ. ಹಿನ್ನೀರಿನ ಕೆಸರಿನಲ್ಲಿ ಒಂದು ಚಪ್ಪಲಿ ಹೂತುಹೋಗಿ, ಕೈಯಲ್ಲಿನ ಗಾಳದ ಕೋಲು ಬಿಲ್ಲಿನಂತೆ ಬಾಗಿ, ದಾರದ ಆಚೆಯ ತುದಿ ಯಾವುದೋ ಕಲ್ಲಿನ ಸಂದಿಯಲ್ಲಿ ಕುಳಿತು ಬರುವುದಿಲ್ಲವೆಂದು ಹಟ ಹಿಡಿದಾಗ ಹೊಳೆದ ತತ್ವ ಇದು. ಇಂಥ ಹೊತ್ತಿನಲ್ಲಿ ಬೇರೆಯವರು ಬೈಯುತ್ತಾರೆ. ನಾನು ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಮೊದಲು ತತ್ವ ಹೇಳುತ್ತೇನೆ, ಆಮೇಲೆ ಬೈಯುತ್ತೇನೆ.

ನನ್ನದು ಹುಸಿಮೀನಿನ ಬೇಟೆ. ಎರೆಹುಳು ಬೇಡ, ಹಿಟ್ಟಿನ ಉಂಡೆ ಬೇಡ. ರಬ್ಬರಿನ ಒಂದು ಸುಳ್ಳು ಮೀನು, ಅದರ ಹೊಟ್ಟೆಯಲ್ಲಿ ಕೊಕ್ಕೆ. ದೂರ ಎಸೆದು, ರೀಲು ಸುತ್ತಿ ಎಳೆಯುತ್ತ, ನಿಜವಾದ ಮೀನಿಗೆ ಅದು ತನ್ನ ಊಟವೆಂಬ ಭ್ರಮೆ ಹುಟ್ಟಿಸಬೇಕು. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಅದರ ಹೆಸರನ್ನೂ ಅಡಿಗೆಮನೆಯಲ್ಲಿ ಎತ್ತುವಂತಿಲ್ಲ. ಹೆಂಡತಿ ಮೊದಮೊದಲು ತಾಳ್ಮೆಯಿಂದಲೇ ಕೇಳಿದಳು.

“ತಿನ್ನಾಂಗಿಲ್ಲ, ಮಾರಾಂಗಿಲ್ಲ. ಮತ್ತ ಮುಂಜಾನೆದ್ದು ನೀರಿನ್ಯಾಗ ಏನ್ ಹುಡುಕ್ತೀರಿ?”

“ಏಕಾಗ್ರತೆ,” ಎಂದೆ.

“ಅದು ಸಿಕ್ರ ಬರೂಮುಂದ ಸಂತ್ಯಾಗ ಕೊತ್ತಂಬರಿನೂ ತರ್ರಿ,” ಎಂದಳು.

ಏಕಾಗ್ರತೆ ಸಿಗಲಿಲ್ಲ, ಕಲ್ಲು ಸಿಕ್ಕವು. ಹುಸಿಮೀನುಗಳು ಒಂದೊಂದಾಗಿ ನೀರುಪಾಲಾದಂತೆ ನನ್ನ ಪಾಂಡಿತ್ಯ ಮಾತ್ರ ಬೆಳೆಯುತ್ತ ಹೋಯಿತು. ಮೂರು ಮೊನೆಯ ಮುಕ್ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಬೇಕು. ಅದರ ಮೊನೆಯನ್ನು ರಬ್ಬರಿನ ಬೆನ್ನಿನೊಳಗೆ ಅಡಗಿಸಬೇಕು. ಮೀನು ಕಚ್ಚಿದಾಗ ಮಾತ್ರ ಅದು ಹೊರಬರಬೇಕು. ಹುಸಿಮೀನು ನೀರಿಗೆ ಬಿದ್ದ ಕ್ಷಣದಿಂದ ರೀಲು ತಿರುಗಬೇಕು. ಅದಕ್ಕೆ ತಳದಲ್ಲಿ ವಿಶ್ರಾಂತಿ ಕೊಟ್ಟರೆ ಅಲ್ಲಿಯೇ ಸಂಸಾರ ಹೂಡುತ್ತದೆ. ಕಲ್ಲು ಬಂತೆನಿಸಿದರೆ ಕೋಲಿನ ತುದಿ ಎತ್ತಬೇಕು, ಹುಸಿಮೀನು ಮೇಲೇರಿ ದಾಟುತ್ತದೆ. ಇಷ್ಟಾಗಿಯೂ ಸಿಕ್ಕಿಕೊಂಡರೆ ಜಗ್ಗಬಾರದು. ದಾರ ಸಡಿಲು ಬಿಟ್ಟು, ದಂಡೆಗುಂಟ ನಡೆದು, ಎದುರು ದಿಕ್ಕಿನಿಂದ ಮೆಲ್ಲಗೆ ಕೇಳಿಕೊಳ್ಳಬೇಕು. ಸಂಸಾರದಲ್ಲಿಯೂ ನಾನು ಇದೇ ಕ್ರಮ ಅನುಸರಿಸಿದ್ದೇನೆ. ಎರಡು ಕಡೆಯೂ ಫಲಿತಾಂಶ ಸಾಧಾರಣ.

ನಮ್ಮ ನೀರಿನ ತೊಡಕು ಬೇರೆ ನೀರಿನಂಥದಲ್ಲ. ಬೇರೆ ಕಡೆ ತಳದಲ್ಲಿ ಬಂಡೆ ಇರುತ್ತದೆ, ನಮ್ಮಲ್ಲಿ ಊರಿದೆ. ಅಣೆಕಟ್ಟು ತುಂಬಿದಾಗ ಕೃಷ್ಣೆ ಊರೂರನ್ನೇ ಹೊಟ್ಟೆಗೆ ಹಾಕಿಕೊಂಡಿತು. ಭೂಗೋಳದ ಮಾಸ್ತರನಾಗಿ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ತಲೆಮಾರುಗಳಿಗೆ ಕಲಿಸಿದವನು ನಾನು. ನಡುವೆ ಅದು ಯಾರ ಅಡಿಗೆಮನೆ ಹೊಕ್ಕು ಹೋಗುತ್ತದೆಂದು ಪಠ್ಯದಲ್ಲಿರಲಿಲ್ಲ.

ಅದನ್ನು ಕಲಿಸಿದವನು ಲಾಲಸಾಬ. ಅವನ ಊರು ಈಗ ನೀರಡಿಯಲ್ಲಿದೆ. ಅವನು ಮುದ್ದೇಬಿಹಾಳದ ಕಡೆ ಹೊಸದಾಗಿ ಕಟ್ಟಿಕೊಟ್ಟ ಊರಿನಲ್ಲಿದ್ದಾನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಕೂಗುತ್ತ ಬಸ್ಸಿನಲ್ಲಿಯೇ ಆಯುಷ್ಯ ಕಳೆದ ಕಂಡಕ್ಟರ್. ನಾನು ಬಸ್ಸಿನಲ್ಲಿ ಅವನ ಹೊಸ ಊರಿಗೆ ಹೋಗುವುದು, ಅಲ್ಲಿಂದ ಅವನ ಬೈಕಿನ ಹಿಂದೆ ಕುಳಿತು ಹಿನ್ನೀರಿಗೆ ಬರುವುದು, ನಾನು ಎಸೆಯುವುದು, ಅವನು ದಾರಿ ಹೇಳುವುದು. ಮೀನು ಬಿದ್ದರೆ ಅವನ ಮನೆಗೆ.

“ಎಡಕ್ಕ ಒಗಿ. ಹಾಂ, ಕುಂಬಾರ ಓಣಿ ಬಂತು. ರೈಟ್, ರೈಟ್. ಗುಂಡಪ್ಪನ ಹಿತ್ತಲ ಗ್ವಾಡಿ ಬರಾಕತ್ತೈತಿ, ಕೋಲ ಎತ್ತು... ಎತ್ತೋ ಮಾಸ್ತರ! ದಾಟ್ತು. ರೈಟ್.”

ಸಿಕ್ಕಿಕೊಂಡರೆ ಅದಕ್ಕೂ ವಿವರಣೆ ಸಿದ್ಧ. “ಸಾವಕಾರನ ಹೊಸ್ತಿಲಾ ತುಳದಿ ನೋಡು. ಬದುಕಿದ್ದಾಗೂ ಅಂವ ಒಳಗ ಹೋದವ್ರನ್ನ ಲಗೂ ಬಿಡ್ತಿದ್ದಿಲ್ಲ.”

ಹೀಗೆ ಯಾರದೋ ಹಿತ್ತಿಲು, ಯಾರದೋ ದನದ ಕೊಟ್ಟಿಗೆ ದಾಟುತ್ತ ನಮ್ಮ ಹುಸಿಮೀನು ಬಹಳ ಕಾಲ ಸುಖವಾಗಿ ಓಡಾಡಿತು. ಈಚೆಗೆ ಮಾತ್ರ ಅವನು ಬರೀ ಓಣಿ ಎಂದಲ್ಲಿ ಗೋಡೆ ಬರತೊಡಗಿತು. ನಾನು ಕೆಸರು, ಸೆಳವು, ದಾರದ ಗುಣಮಟ್ಟ ಎಂದೆಲ್ಲ ಕಾರಣ ಕೊಟ್ಟೆ. ಅಷ್ಟರಲ್ಲಿ ಒಂದು ಮುಂಜಾನೆ ಅವನಿಂದಲೇ ಫೋನು ಬಂತು.

“ಮಾಸ್ತರ, ಹಾಲ ತರಾಕ ಹೊಂಟಿದ್ನಿ. ಸಿಂದಗಿ ಬಸ್‌ಸ್ಟ್ಯಾಂಡ್ ಮುಂದ ನಿಂತೇನಿ. ಯಾಕ ಬಂದೇನಿ ತಿಳೀವಲ್ದು.”

ಹಾಲಿನ ಅಂಗಡಿ ಅವನ ಮನೆಯ ಓಣಿಯಲ್ಲಿಯೇ ಇದೆ. ಸಿಂದಗಿ ಬೇರೆ ತಾಲೂಕು. ಅಂದಿನಿಂದ ಅವನ ಮಗ ಬೈಕಿನ ಕೀಲಿ ಕೇಳತೊಡಗಿದ. ಲಾಲಸಾಬ ಕೊಡಲೊಲ್ಲ. ಎಲ್ಲರನ್ನೂ ಅವರವರ ಊರಿಗೆ ಇಳಿಸಿದವನಿಗೆ ತನ್ನ ಊರು ಸಿಗುವುದಿಲ್ಲವೆಂದರೆ ಹೇಗೆ ಒಪ್ಪಿಯಾನು?

ಯುಗಾದಿ ಕಳೆದು ನೀರು ಚೆನ್ನಾಗಿ ಇಳಿದಿದ್ದ ಒಂದು ದಿನ, ದಂಡೆಯಲ್ಲಿ ಬೈಕು ನಿಲ್ಲಿಸಿ ಅವನೇ ವಿಷಯ ತೆಗೆದ.

“ಮಾಸ್ತರ, ಇವತ್ತ ನಂದೊಂದು ಪರೀಕ್ಷಾ ತಗೊ. ನಮ್ಮ ಓಣಿಗುಂಟ ಎಳಿ. ಎಲ್ಲಿ ಏನೈತಿ ನಾ ಹೇಳ್ತೇನಿ. ಒಂದ ತಪ್ಪಿದ್ರೂ ಕೀಲಿ ಮಗನ ಕೈಯಾಗ.”

“ಎಲ್ಲಾ ಸರಿ ಬಂದ್ರ?”

“ಸಾಯೂಮಟ ನಾ ಹೊಡೀತೇನಿ, ನೀ ಹಿಂದ ಕುಂದ್ರು.”

ಪರೀಕ್ಷಕನ ಪ್ರಾಣವೂ ಪಣಕ್ಕಿರುವ ಇಂಥ ಪರೀಕ್ಷೆಯನ್ನು ಯಾವ ಶಿಕ್ಷಣ ಮಂಡಳಿಯೂ ನಡೆಸಿರಲಾರದು. ನಾನು ಎಂದಿನಂತೆ ಕೊಕ್ಕೆಯ ಮೊನೆಯನ್ನು ರಬ್ಬರಿನಲ್ಲಿ ಅಡಗಿಸುತ್ತಿದ್ದೆ. ಅವನು ಕೈ ಹಿಡಿದ.

“ಮುಚ್ಚಬ್ಯಾಡ. ಕೋಲೂ ಎತ್ತಬ್ಯಾಡ. ಬರೇ ತಪ್ಪಿಸಿಕೊಂಡು ಬಂದ್ರ ಏನ್ ಖರೆ ಆಗ್ತೈತಿ? ಹಿಡೀಬೇಕಾದಲ್ಲಿ ಹಿಡೀಬೇಕು.”

ಕಷ್ಟಪಟ್ಟು ಗಳಿಸಿದ ಪಾಂಡಿತ್ಯವನ್ನೆಲ್ಲ ಬದಿಗಿಟ್ಟು ಬೆತ್ತಲೆ ಕೊಕ್ಕೆಯನ್ನು ಎಸೆದೆ. ಕೋಲಿನ ತುದಿ ನೀರಿಗೆ ತಾಗುವಂತೆ ಹಿಡಿದು ನಿಧಾನವಾಗಿ ಸುತ್ತಿದೆ. ಲಾಲಸಾಬ ಕಣ್ಣು ಮುಚ್ಚಿಕೊಂಡಿದ್ದ.

“ರೈಟ್, ರೈಟ್... ಇಮಾಮಸಾಬನ ಮೂಲಿ ಗ್ವಾಡಿ. ಹೋಲ್ಡಾನ್!”

ತಟ್ಟನೆ ನಿಂತಿತು. ಕಲ್ಲೇ. ಸಡಿಲು ಬಿಟ್ಟು ಬಿಡಿಸಿಕೊಂಡೆ.

“ಮುಂದ ಬೇವಿನ ಬೊಡ್ಡಿ. ಸವರ್ತೈತಿ, ಹಿಡ್ಯಾಂಗಿಲ್ಲ.”

ಸವರಿತು, ಹಿಡಿಯಲಿಲ್ಲ. ನನಗೆ ಅಚ್ಚರಿಗಿಂತ ಹೆಚ್ಚಾಗಿ ನಿರಾಳವೆನಿಸಿತು. ಅವನ ಮುಖ ಬಸ್ಸನ್ನು ವೇಳೆಗೆ ಸರಿಯಾಗಿ ನಿಲ್ದಾಣ ಮುಟ್ಟಿಸಿದವನ ಮುಖದಂತಿತ್ತು.

“ಈಗ ನಮ್ಮ ಮನಿ. ಮನಿ ಮುಂದ ಕರೀಕಲ್ಲಿನ ಕಟ್ಟಿ, ನಮ್ಮಜ್ಜ ಕಟ್ಟಿಸಿದ್ದು. ಗಟ್ಟಿ ಹಿಡಿತೈತಿ ನೋಡು. ಬಂತು... ಬಂತು... ಹೋಲ್ಡಾನ್!”

ದಾರ ಬೆಣ್ಣೆಯಲ್ಲಿ ಎಳೆದಂತೆ ಬರುತ್ತಿತ್ತು. ಆಗ ನನಗೆ ಹೊಳೆಯಿತು. ಊರು ಬಿಡುವಾಗ ಜನ ತೊಲೆ, ಬಾಗಿಲು ಕಿತ್ತುಕೊಂಡು ಹೋದಂತೆ ಲಾಲಸಾಬ ಆ ಕಟ್ಟೆಯ ಕಲ್ಲುಗಳನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಹೋಗಿದ್ದ. ಹೊಸ ಮನೆಯ ಮುಂದೆ ಅದೇ ಕಟ್ಟೆ. ಅವತ್ತು ಮುಂಜಾನೆಯೂ ಅದರ ಮೇಲೆ ಕುಳಿತು ಇಬ್ಬರೂ ಚಹ ಕುಡಿದಿದ್ದೆವು.

“ಹಿಡೀತಿಲ್ಲೋ?” ಅವನ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಕೋಲನ್ನು ಒಮ್ಮೆ ಹಿಂದಕ್ಕೆ ಬಾಗಿಸಿ, ತಿಣುಕಿ, ಸಿಕ್ಕಿತೆಂದು ಹೇಳಿದ್ದರೆ ಆಗುತ್ತಿತ್ತು. ಸಿಕ್ಕಿಕೊಳ್ಳಬಾರದೆಂದು ಇಷ್ಟು ವಿದ್ಯೆ ಕಲಿತವನು, ನೀರಿನಲ್ಲಿ ಒಂದು ಕಲ್ಲಾದರೂ ಇರಬಾರದೇ ಎಂದು ಹಂಬಲಿಸುತ್ತ ನಿಂತಿದ್ದೆ. ಸುಳ್ಳಿಗೆ ತಡೆಯಾದದ್ದು ನನ್ನ ಸತ್ಯನಿಷ್ಠೆಯೆಂದು ಹೇಳಿಕೊಳ್ಳಬಹುದು. ಬೈಕಿನ ಹಿಂದೆ ಕೂರುವವನು ನಾನೇ ಎಂಬುದೂ ನೆನಪಿತ್ತು. ಅವನು ಎದುರಿನಿಂದ ಬರುವ ಲಾರಿಯನ್ನು ಮರೆಯುವ ದಿನವನ್ನೂ ನೆನೆದೆ.

“ಇಲ್ಲೋ,” ಎಂದೆ.

ಹುಸಿಮೀನು ಚೂರು ಪಾಚಿಯೂ ಅಂಟದೆ ನನ್ನ ಕಾಲ ಬಳಿ ಬಂದು ಬಿತ್ತು. ಲಾಲಸಾಬ ಕಣ್ಣು ತೆರೆದು ಬೆತ್ತಲೆ ಕೊಕ್ಕೆಯನ್ನು ನೋಡಿದ.

“ಕಟ್ಟಿ ಎಲ್ಲಿ ಹೋತೋ ಮಾಸ್ತರ?”

“ನಿನ್ನ ಹೊಸಾ ಮನಿ ಮುಂದ ಐತಿ. ಮುಂಜಾನಿ ಅದರ ಮ್ಯಾಲ ಕುಂತ ಚಾ ಕುಡದೀವಿ.”

ಅವನು ಚಪ್ಪಲಿಯಿಂದ ಬಲಗಾಲು ತೆಗೆದು, ಸೊಟ್ಟಗೆ ಬೆಳೆದ ಹೆಬ್ಬೆರಳಿನ ಉಗುರನ್ನು ನೋಡಿದ.

“ಹೌದಲ್ಲೋ. ಹೇರೂಮುಂದ ಮೂಲಿಕಲ್ಲು ಇದರ ಮ್ಯಾಲ ಬಿದ್ದಿತ್ತು. ಕಾಲಿಗೆ ನೆನಪೈತಿ ನೋಡು, ತಲಿಗಿಲ್ಲ.”

“ಎರಡು ಸರಿ ಹೇಳೀಯಲ್ಲೋ. ಪಾಸ ಮಾಡಾಕ ಅಷ್ಟ ಸಾಕು.”

“ಸಾಲ್ಯಾಗ ಸಾಕು,” ಎಂದ. “ರಸ್ತೇದಾಗ ಸಾಲೂದಿಲ್ಲ.”

ಅಂಗಿಯ ಕಿಸೆಯಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. ಹೊಸ ಊರಿನವರೆಗೆ ಬೈಕನ್ನು ನಾನು ಓಡಿಸಿದೆ. ಕೀಲಿ ಈಗ ಅವನ ಮಗನ ಹತ್ತಿರ ಇದೆ.