ಅಂಟವಾಳದ ನೀರಲ್ಲಿ ತೊಳೆದ ರೆಕಾರ್ಡು

ನನ್ನ ಗಂಡ ಕೃಷ್ಣರಾಜರ ಮಾತೆತ್ತಿದರೆ ಸಾಕು, ಜನ ಮೊದಲು ಅವರ ಕಿವಿಯನ್ನು ಹೊಗಳುತ್ತಾರೆ. ಹೊಗಳಲಿ ಬಿಡಿ. ನಾನು ಸುಲೋಚನಾ, ಆ ಕಿವಿಯ ಜೊತೆ ಸಂಸಾರ ಮಾಡಿದವಳು. ನನ್ನದೂ ಒಂದೆರಡು ಮಾತು ಇರಲಿ.

ಗದಗಿನಿಂದ ಡಿಪ್ಲೊಮಾ ಮುಗಿಸಿ ಬಂದವರು ಹೊರರಾಜ್ಯದ ಚಾಂದ್‌ಖೇಡಾದಲ್ಲಿ ತೈಲ ಕಂಪನಿ ಸೇರಿದರು. ಕೆಲಸ ಕಂಪ್ರೆಸರ್ ಯಂತ್ರಗಳ ನಡುವೆ. ಅಲ್ಲಿ ಪಕ್ಕದವನು ಕಿರುಚಿದರೂ ಕೇಳುವುದಿಲ್ಲ, ಎಲ್ಲ ಕೈಸನ್ನೆ. ಕಿವಿ ಮುಚ್ಚಿಕೊಳ್ಳಲು ಕಂಪನಿ ಕೊಟ್ಟದ್ದನ್ನು ಇವರು ಕುತ್ತಿಗೆಗೆ ಇಳಿಬಿಟ್ಟು ಓಡಾಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಯಾವ ಬೇರಿಂಗು ಸವೆದಿದೆ ಎಂದು ಹೇಳುವುದು ಇವರ ಹೆಮ್ಮೆ. ಕಿವಿ ಮುಚ್ಚಿಕೊಂಡು ಕೆಲಸ ಮಾಡುವವರನ್ನು ಕಂಡರೆ ನಗುತ್ತಿದ್ದರು.

ಜಾಝ್ ಹುಚ್ಚು ಮುಂಬೈಗೆ ತರಬೇತಿಗೆ ಹೋದಾಗ ಹತ್ತಿಸಿಕೊಂಡು ಬಂದದ್ದು. ಅದರಲ್ಲೂ ಇವರಿಗೆ ಕಹಳೆ ಬೇಡ, ಪಿಯಾನೋ ಬೇಡ. ಹಿಂದೆ ಕೂತು ಡ್ರಮ್ಸ್ ಬಾರಿಸುವವನು ಮಾತ್ರ ಬೇಕು. ಡ್ರಮ್ಸ್ ಚೆನ್ನಾಗಿಲ್ಲದ ರೆಕಾರ್ಡು ಎಷ್ಟೇ ದೊಡ್ಡ ಹೆಸರಿನದಾದರೂ ಮನೆಯೊಳಗೆ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರನ್ನು ಕರೆದು ಕೂರಿಸಿ ಕೇಳಿಸುತ್ತಿದ್ದರು. ಅವರು ಬರುತ್ತಿದ್ದದ್ದು ಕರಿದ ಗರಿಗರಿ ಫಾಫ್ಡಾ, ಜಿಲೇಬಿಗೆ. ಅದು ಇವರೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕೇಳಲೇಬೇಕಾದವು ಎಂದು ಕೆಲವನ್ನು ಬೇರೆ ಇಟ್ಟಿದ್ದರು. ಒಂದರಲ್ಲಿ ಇಬ್ಬರು ಡ್ರಮ್ಮರುಗಳು ಪೈಪೋಟಿಗೆ ಬಿದ್ದವರಂತೆ ಬಾರಿಸುತ್ತಾರೆ. ಇನ್ನೊಂದರಲ್ಲಿ ಕೋಲೇ ಇಲ್ಲ, ತಂತಿಯ ಬ್ರಷ್ಷಿನಿಂದ ಸವರುವುದು. ಎಲ್ಲಕ್ಕಿಂತ ಮೇಲೆ ಹಸಿರು ರಟ್ಟಿನದು. ಅದರಲ್ಲಿ ಸಿಂಬಲ್, ಅಂದರೆ ಡ್ರಮ್ಸಿನ ಜೊತೆಗಿರುವ ಹಿತ್ತಾಳೆ ತಟ್ಟೆ, ಒಂದೇ ಸಮ ನಡೆಯುತ್ತದೆ, ಉಳಿದವರೆಲ್ಲ ಅದರ ಬೆನ್ನು ಹಿಡಿದು ಹೋಗುತ್ತಾರೆ. ಒಮ್ಮೆ ನಾನು ಜಿಲೇಬಿ ತಟ್ಟೆ ಹಿಡಿದು ಬಂದವಳು, ಬ್ರಷ್ಷಿನ ಸದ್ದು ಮೊರದಲ್ಲಿ ಅಕ್ಕಿ ಕೇರಿದ ಹಾಗಿದೆ ಎಂದೆ. ಇವರು ಎಲ್ಲರೆದುರು, “ನಿನ್ನ ಕಿವಿ ಕುಕ್ಕರಿನ ಸೀಟಿ ಎಣಸ್ಲಿಕ್ಕೆ ಸರಿ” ಎಂದು ಹಿಂದಿಯಲ್ಲೂ ಹೇಳಿ ನಗಿಸಿದರು. ಆಮೇಲೆ ಅದು ನಮ್ಮ ಮನೆಯ ಖಾಯಂ ನಗೆಮಾತಾಯಿತು. ನಾನೂ ನಗುತ್ತಿದ್ದೆ, ಏನು ಮಾಡುವುದು.

ನಿವೃತ್ತಿಯಾಗಿ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿಗೆ ಬಂದೆವು. ದೀಪಾವಳಿಗೆ ಮುಂಚೆ ಇಲ್ಲಿ ಇಡೀ ಹೌಸಿಂಗ್ ಸೊಸೈಟಿಯೇ ಮನೆಯನ್ನು ಬುಡಮೇಲು ಮಾಡಿ ತೊಳೆಯುತ್ತದೆ. ಪ್ರತಿ ವರ್ಷ ಆಗ ರೆಕಾರ್ಡುಗಳನ್ನೂ ತೊಳೆಯುವುದು ನನ್ನ ಪಾಲು. ಅಂಟವಾಳದ ತಿಳಿನೀರು, ಹಳೇ ತೆಳು ಮಲ್ ಬಟ್ಟೆ, ನೆರಳಲ್ಲಿ ಒಣಗಿಸುವುದು, ಎಲ್ಲ ಇವರೇ ಕಲಿಸಿದ ಕ್ರಮ. ಆ ವರ್ಷ ಒಣಗಿದ ಹಸಿರು ರಟ್ಟಿನ ರೆಕಾರ್ಡನ್ನು ಹಾಕಿ ಕೂತವರು ಮುಂದಕ್ಕೆ ಬಾಗಿದರು. ಪ್ಲೇಯರಿನ ದನಿ ಏರಿಸಿದರು. ಮತ್ತೂ ಏರಿಸಿದರು.

“ಸಿಂಬಲ್ ಎಲ್ಲಿ ಹೋತು?”

ನನಗೆ ಕೇಳುತ್ತಿತ್ತು, ಸ್ಪಷ್ಟವಾಗಿ. ಹಾಗೆಂದೇ ಹೇಳಿದೆ.

“ನಿನಗೇನು ತಿಳೀತದ? ತಿಕ್ಕಿ ತಿಕ್ಕಿ ಅಳಿಸಿ ಹಾಕೀದಿ.”

ನಾನು ಅದನ್ನು ನಂಬಿದೆ! ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಕಿವಿಗೆ ಬಿದ್ದದ್ದನ್ನು ಬಿಟ್ಟು ಗಂಡನ ಮಾತು ನಂಬಿದೆ. ನನಗೆ ಕೇಳಿದ್ದು ಬೇರೇನೋ ಇರಬೇಕು, ನಿಜವಾದ ಸಿಂಬಲ್ ಇನ್ನೂ ನಾಜೂಕಾಗಿ ಇದ್ದಿರಬೇಕು ಅಂದುಕೊಂಡೆ. ಇವರು ಬಂದವರಿಗೆಲ್ಲ ನಾನು ರೆಕಾರ್ಡು ಕೆಡಿಸಿದ ಕಥೆ ಹೇಳಿದರು. ಭಾನುವಾರದ ಕೂಟ ನಿಂತಿತು. ಒಂದು ದಿನ ಒಲೆಯ ಮೇಲೆ ಬೇಳೆ ಇಟ್ಟು, ಎರಡು ಸೀಟಿಗೆ ಆರಿಸಿ ಎಂದು ಹೇಳಿ ಕೆಳಗೆ ತರಕಾರಿಗೆ ಹೋಗಿದ್ದೆ. ಬಂದು ನೋಡಿದರೆ ಬೇಳೆ ಸೀದು ಕರಕಾಗಿತ್ತು, ಇವರು ಅಡುಗೆಮನೆ ಬಾಗಿಲಲ್ಲೇ ಪೇಪರ್ ಓದುತ್ತ ಕೂತಿದ್ದರು. ಸಿಟ್ಟಿಗೆ ಬೇಕೆಂದೇ ಬಿಟ್ಟಿದ್ದಾರೆ ಎಂದು ತಿಳಿದು ಕುಕ್ಕರು ತಿಕ್ಕಿದೆ.

ನಮ್ಮ ಮಗಳು ನಿಕಿತಾ ವಡೋದರಾದಲ್ಲಿದ್ದಾಳೆ, ಅಲಕಾಪುರಿಯಲ್ಲಿ ಅವಳ ಆಫೀಸು. ನನ್ನ ಒದ್ದಾಟ ನೋಡಲಾರದೆ ಎಲ್ಲೆಲ್ಲೋ ಹುಡುಕಿ ಅದೇ ರೆಕಾರ್ಡಿನ ಹೊಸ ಪ್ರತಿ ತರಿಸಿದಳು. ಅಪ್ಪನ ಹುಟ್ಟುಹಬ್ಬಕ್ಕೆ ಬಂದು ತಾನೇ ಹಾಕಿದಳು. ಇವರು ಕಣ್ಣು ಮುಚ್ಚಿ ಕೇಳಿ, ಇದೂ ಖೊಟ್ಟಿ ಮಾಲು, ಇದರಲ್ಲೂ ಸಿಂಬಲ್ ಇಲ್ಲ ಎಂದರು.

ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಅಷ್ಟಕ್ಕಷ್ಟೆ. “ಪಪ್ಪಾ, ಸಿಂಬಲ್ ಶುರುವಿಂದ ಬರ್ತಾ ಇದೆ. ಫುಲ್ ಕ್ಲಿಯರ್ ಇದೆ” ಎಂದಳು.

ಅಷ್ಟರಲ್ಲಿ ಒಳಗೆ ಕುಕ್ಕರು ಸೀಟಿ ಹಾಕಿತು. ನಾನು ತಿರುಗಿದೆ, ನಿಕಿತಾ ತಿರುಗಿದಳು. ಇವರು ತಿರುಗಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ದಿನ ನಮ್ಮ ಮನೆಯಲ್ಲಿ ನೆಲ ನಾನಾಗಿದ್ದೆ. ಇವರ ಕಿವಿ ಪರೀಕ್ಷೆ ಮಾಡಿದ ಡಾಕ್ಟರು, ಸಣ್ಣ ಚೂಪು ದನಿಗಳೆಲ್ಲ ಹೋಗಿವೆ, ಮತ್ತೆ ಬರುವುದಿಲ್ಲ ಎಂದರು. ಕೆಲಸದ ಜಾಗದಲ್ಲಿ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲವೇ ಎಂದು ಕೇಳಿದಾಗ ಇವರು ಫ್ಯಾನು ನೋಡಿದರು. ವಾಪಸು ಬರುವಾಗ ಆಟೋದಲ್ಲಿ ನನಗೊಂದು ಮಾತು ಹೇಳಿಯಾರು ಎಂದು ಕಾದೆ. ಎಡಕ್ಕೆ ತಿರುಗಿಸು ಎಂದು ಆಟೋದವನಿಗೆ ಹೇಳಿದರು, ಅಷ್ಟೆ. ಕಿವಿಯ ಮಶೀನು ಹಾಕಿಕೊಂಡರೆ ಡ್ರಮ್ಸ್ ಡಬ್ಬಿ ಬಡಿದಂತೆ ಕೇಳುತ್ತದಂತೆ, ಅದು ಡ್ರಾಯರಿನಲ್ಲಿದೆ. ನೆರೆಹೊರೆಯವರ ಲೆಕ್ಕದಲ್ಲಿ ರೆಕಾರ್ಡು ಕೆಡಿಸಿದವಳು ಇವತ್ತಿಗೂ ನಾನೇ.

ಹೋದ ಭಾನುವಾರ ಇವರು ಹಸಿರು ರಟ್ಟಿನದನ್ನು ಹಾಕಿದರು. ಹೊಸದಲ್ಲ, ನಾನು ತೊಳೆದದ್ದು.

“ಸುಲೂ, ಇಲ್ಲೆ ಕೂಡು. ಸಿಂಬಲ್ ಬಂದಾಗೆಲ್ಲ ನನ್ನ ಕೈಮ್ಯಾಲೆ ಬಡಿ.”

ಕೂತೆ. ಚಾಚಿದ ಅಂಗೈ ಮೇಲೆ ಬೆರಳಿನಿಂದ ಬಡಿಯತೊಡಗಿದೆ. ಕಣ್ಣು ಮುಚ್ಚಿದರು, ಮುಖ ಸಡಿಲವಾಯಿತು. ನಿಜ ಹೇಳುತ್ತೇನೆ, ನನಗೆ ಪಾಪ ಅನ್ನಿಸಿತು. ಹೀಗೇ ದಿನಾ ಕೂತರೂ ಆದೀತು ಅಂದುಕೊಳ್ಳುತ್ತಿದ್ದೆ.

“ತಡಾ ಆತು,” ಎಂದರು ಕಣ್ಣು ತೆರೆಯದೆ. “ನಿನಗ ಎಂದೂ ತಾಳ ಸಿಗಲಿಲ್ಲ.”

ನಾನು ಕೈ ತೆಗೆದೆ. ಅಂಗೈ ಹಾಗೇ ಸ್ವಲ್ಪ ಹೊತ್ತು ಕಾಯಿತು. ಸಿಂಬಲ್ ಮುಗಿಯಿತೇ ಎಂದು ಕೇಳುತ್ತ ಎದ್ದು ರೆಕಾರ್ಡಿನ ಮುಳ್ಳಿನ ಕಡೆ ಕೈ ಚಾಚಿದರು. ನಾನು ಅವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

“ಮುಳ್ಳು ಎತ್ತಬ್ಯಾಡ್ರಿ. ನಾ ಕೇಳ್ಲಿಕ್ಕತ್ತೇನಿ.”