ಒಳಗಿನ ನೀರು, ಒರಗಿನ ನೀರು

ಆ ದಿನ ಬಾಟಲಿಯ ಮೇಲಿನ ಅಕ್ಷರವನ್ನು ನಿಜವಾಗಿ ಓದಿದ್ದೆನೋ, ಓದಿದೆ ಅಂತ ಆಮೇಲೆ ಅಂದುಕೊಂಡೆನೋ, ನನಗೆ ಖಚಿತವಿಲ್ಲ. ಹಳದಿ ಲೇಬಲ್ ನೆನಪಿದೆ, ಅದರ ಶಾಯಿ ಹರಡಿದ್ದೂ ನೆನಪಿದೆ. ಆದರೆ ಇದನ್ನು ಎಷ್ಟು ಜನರಿಗೆ ಹೇಳಿಕೊಂಡಿದ್ದೇನೆಂದರೆ, ಆ ಲೇಬಲ್ ಕಣ್ಣಾರೆ ಕಂಡದ್ದೋ ಹೇಳಿ ಹೇಳಿ ಕಟ್ಟಿಕೊಂಡದ್ದೋ ಈಗ ಬಿಡಿಸಲಾರೆ.

ಪೀಣ್ಯದ ಒಳಗಿನ ಒಂದು ಗಲ್ಲಿಯ ಶೆಡ್ಡಿನಲ್ಲಿ ನಲ್ಲಿ, ಚಿಲಕಗಳಿಗೆ ನಿಕಲ್ ಲೇಪನ ಹಾಕುತ್ತಿದ್ದರು. ನಡೆಸುತ್ತಿದ್ದವರು ಅಲ್ಲಿನ ಹಳೇ ಊರಿನ ಹೆಂಗಸು. ಅವರ ಮಾವನ ರಾಗಿ ಹೊಲದ ಮೇಲೇ ಶೆಡ್ಡು ಎದ್ದಿತ್ತು. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು, ನಾನೂ. ಲೇಪನವಾದ ಮೇಲೆ ಸಾಮಾನು ತೊಳೆದ ನೀರಿನಲ್ಲಿ ನಿಕಲ್ ಮಿತಿ ಮೀರಿದೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದಿತ್ತು. ಮುಂದಿನ ತಪಾಸಣೆಯಲ್ಲೂ ಹಾಗೇ ಇದ್ದರೆ ಶೆಡ್ಡಿಗೆ ಬೀಗ. ಅಕ್ಕನ ಜೊತೆ ಇನ್ನೂ ಆರು ಹೆಂಗಸರು ಅಲ್ಲಿ ದುಡಿಯುತ್ತಿದ್ದರು.

ನಾನು ಹತ್ತಿರದ ಕಾಲೇಜೊಂದರಲ್ಲಿ ಸಂಶೋಧನಾ ಸಹಾಯಕ. ಸೀಗಡಿ ಸಿಪ್ಪೆಯನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆದರೆ ಅವಲಕ್ಕಿಯಂಥ ಬಿಳಿ ಚೂರು ಸಿಗುತ್ತದೆ. ನೀರಿನಲ್ಲಿ ಕರಗಿದ ಲೋಹವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೀನಂಗಡಿಯವರು ಬಿಸಾಡುವ ಸಿಪ್ಪೆಯನ್ನು ಚೀಲದಲ್ಲಿ ತಂದು, ಹದ ಮಾಡಿ, ಶೆಡ್ಡಿನ ಆಳೆತ್ತರದ ಪೈಪಿಗೆ ತುಂಬಿದ್ದೆ. ನಮ್ಮದು ದಾವಣಗೆರೆ ಕಡೆಯ ಲಿಂಗಾಯತ ಮನೆ, ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಂದೂ ತುಂಬುತ್ತಿರಲಿಲ್ಲ.

“ತಿಂದೋರು ಯಾರೋ, ನಾತ ಮಾತ್ರ ನಿಮ್ಗೆ ಸಾರ್” ಎಂದು ಅಕ್ಕ ನಗುತ್ತಿದ್ದರು.

ಪ್ರತಿ ಸಲ ಎರಡು ಬಾಟಲಿ ನೀರು ಹಿಡಿದು ಕಾಲೇಜಿನ ಯಂತ್ರದಲ್ಲಿ ನಿಕಲ್ ಅಳೆಯುವುದು: ಪೈಪಿಗೆ ಹೋಗುವ ಮುಂಚಿನದು, ಹೊರಬಂದ ಮೇಲಿನದು. ಅಕ್ಕನೇ ಹಿಡಿದು ಲೇಬಲ್ ಬರೆಯುತ್ತಿದ್ದರು. ಹಕಾರ ಬಿಟ್ಟು, ಮಾತಾಡಿದಂತೆಯೇ ಬರೆಯುತ್ತಿದ್ದರು: ಒಂದರ ಮೇಲೆ ‘ಒಳಗೆ’, ಇನ್ನೊಂದರ ಮೇಲೆ ‘ಒರಗೆ’. ಒದ್ದೆ ಕೈಯ ಬರಹದಲ್ಲಿ ಎರಡರ ವ್ಯತ್ಯಾಸ ಒಂದು ಸುಳಿಯಷ್ಟೇ. ನನಗೆ ತಮಾಷೆ ಅನಿಸಿತ್ತು, ತಿದ್ದಲಿಲ್ಲ.

ಮೂರು ಸಲ ಹೊರಗಿನ ನೀರು ಚೆನ್ನಾಗಿಯೇ ಬಂತು. ನಾಲ್ಕನೆಯದು ತಪಾಸಣೆಯ ಹಿಂದಿನ ದಿನ. ಪೈಪು ದಾಟಿದ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಯಲ್ಲಿ ತಡೆದಿಟ್ಟು, ನನ್ನ ಮಾತಿಗೆ ಕಾಯುತ್ತಿದ್ದ ಅಕ್ಕ ಫೋನ್ ಮಾಡಿದರು.

“ಬುಡ್ಬೋದಾ ಸಾರ್? ಅನುಮಾನ ಇದ್ರೆ ಈಗ್ಲೇ ಏಳ್ಬುಡಿ. ಕೆಲ್ಸ ನಿಲ್ಸಿ ಇನ್ನೊಂದ್ಸಲ ಸೋಸ್ತೀನಿ.”

ಆಮೇಲೆ ಬಿಡಿ ಎಂದು ಮೆಸೇಜು ಹಾಕಿದೆ. ಯಂತ್ರದ ಪ್ರಿಂಟ್ ಕೈಯಲ್ಲಿ ಹಿಡಿದೇ ಹಾಕಿದೆ ಎಂಬುದು ನನ್ನ ನೆನಪು.

ಮರುದಿನ ಅಧಿಕಾರಿಗಳು ತೊಟ್ಟಿಯ ಬಾಯಲ್ಲಿ ನೀರು ಹಿಡಿದುಕೊಂಡು ಹೋದರು. ಎರಡು ವಾರಕ್ಕೆ ಬೀಗ ಬಿತ್ತು.

ಸಿಪ್ಪೆ ಲೋಹದಿಂದ ತುಂಬಿಹೋಗಿ, ಮೇಲೆ ಆಮ್ಲ ಬೆರೆತ ನೀರು ಬಿದ್ದರೆ, ಹಿಡಿದದ್ದನ್ನೆಲ್ಲ ವಾಪಸು ಬಿಡುತ್ತದೆ. ಆಗ ಹೊರಗಿನ ನೀರೇ ಒಳಗಿನದಕ್ಕಿಂತ ಕೆಟ್ಟದಾಗಿರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ಅಂಕಿಗಳಿದ್ದವು, ಚಿಕ್ಕದರ ಮುಂದೆ ‘ಹೊರಗೆ’ ಎಂದಿತ್ತು. ಲೇಬಲ್ ಓದಿ ಹಾಗೆ ಬರೆದೆನೇ? ಚಿಕ್ಕ ಅಂಕಿ ಅಂದಮೇಲೆ ಹೊರಗಿನದೇ ಇರಬೇಕೆಂದು ಬರೆದೆನೇ? ಲೇಬಲ್ ಸ್ಪಷ್ಟವಿರಲಿಲ್ಲ ಎಂದು ವರದಿಯಲ್ಲಿ ಹಾಕಿ ಮುಗಿಸಿ ಎಂದರು ನನ್ನ ಗೈಡ್. ಹಾಕಿದೆ. ಅದು ಸುಳ್ಳೂ ಅಲ್ಲ ಅನಿಸಿತು.

ಅದನ್ನೇ ಹೇಳಲು ಅಕ್ಕನ ಮನೆಗೆ ಹೋಗಿದ್ದೆ. ಅವರು ಟೀ ಲೋಟ ನನ್ನ ಮುಂದಿಟ್ಟರು.

“ನನ್ ಅಕ್ಸರ ಮೊದ್ಲಿಂದ್ಲೂ ಅಂಗೇ ಸಾರ್. ತೆಪ್ಪು ನಂದೇ ಇರ್ಬೇಕು ಬುಡಿ.”

ನಾನು ಟೀ ಕುಡಿದೆ. ಅಲ್ಲ ಅನ್ನಲಿಲ್ಲ. ಆರು ಹೆಂಗಸರಲ್ಲಿ ನಾಲ್ವರು ಗಾರ್ಮೆಂಟ್ಸಿಗೆ ಸೇರಿದರು ಎಂದು ಆವತ್ತೇ ಕೇಳಿದ್ದು. ಉಳಿದಿಬ್ಬರ ವಿಷಯ ಕೇಳುವ ಉಸಾಬರಿಗೆ ಹೋಗಲಿಲ್ಲ. ಶೆಡ್ಡು ಈಗ ಕೊರಿಯರ್‌ನವರ ಗೋಡೌನು. ಎಷ್ಟೋ ವರ್ಷ ಆ ಒಂದು ಸುಳಿಯ ಬಗ್ಗೆ ಯೋಚಿಸಿ ಯೋಚಿಸಿ ದಣಿದಿದ್ದೇನೆ. ಅಕ್ಷರ ಚೆನ್ನಾಗಿದ್ದಿದ್ದರೆ ಏನಾಗುತ್ತಿತ್ತು ಎಂಬಲ್ಲಿಗೇ ಪ್ರತಿ ಸಲ ಬಂದು ನಿಲ್ಲುತ್ತಿದ್ದೆ.

ಕಳೆದ ತಿಂಗಳು ಫೋನ್ ಬದಲಿಸುವಾಗ ಹಳೆಯ ಮೆಸೇಜುಗಳೆಲ್ಲ ಹೊಸದಕ್ಕೆ ಬಂದವು. ಅಕ್ಕನಿಗೆ ಆ ದಿನ ಕಳಿಸಿದ್ದೂ ಇತ್ತು: ‘ನೀರು ಸರಿಯಿದೆ, ಬಿಡಿ.’ ಬೆಳಿಗ್ಗೆ ಹನ್ನೊಂದು ಹತ್ತು. ಫೈಲಿನಿಂದ ಆ ದಿನದ ಪ್ರಿಂಟ್ ತೆಗೆದು ನೋಡಿದೆ. ಅದರ ಮೂಲೆಯಲ್ಲಿ ಮಧ್ಯಾಹ್ನ ಮೂರು ಇಪ್ಪತ್ತು ಎಂದಿತ್ತು. ಯಂತ್ರದ ಗಡಿಯಾರ ತಪ್ಪಿರಬಹುದೆಂದು ಕಾಲೇಜಿಗೆ ಹೋಗಿ ಪ್ರಯೋಗಾಲಯದ ರಿಜಿಸ್ಟರ್ ತೆಗೆಸಿದೆ. ಎರಡು ಬಾಟಲಿಗಳನ್ನು ಯಂತ್ರಕ್ಕೆ ಕೊಟ್ಟ ವೇಳೆ ಅದರಲ್ಲಿ ಕೈಬರಹದಲ್ಲಿದೆ: ಮಧ್ಯಾಹ್ನ ಮೂರು ಗಂಟೆ.